ಮಂಜಿನಾಚೆಯ ದೀಪ

ಚಾರ್ಮಾಡಿ ಘಾಟಿ, ಮಳೆಗಾಲದ ಸಂಜೆ. ಬೈಕ್ ಓಡಿಸ್ತಿದ್ದದ್ದು ಅಪ್ಪ, ಹಿಂದೆ ನಾನು. ಎದುರಿಗೆ ಮಂಕಾದ ಎರಡು ದೀಪ. 'ಇನ್ನೂ ದೂರ ಇದೆ ಅಪ್ಪಾ' ಅಂದೆ. ಅಪ್ಪ ಕೇಳದೆ ಬದಿಗೆ ನಿಲ್ಲಿಸಿದರು. ಮರುಕ್ಷಣ ಲಾರಿಯೊಂದು ಮೈ ಸವರಿಕೊಂಡೇ ಹೋಯ್ತು. 'ಮಂಜಲ್ಲಿ ಬೆಳಕು ನೋಡಿ ದೂರ ಅಳೀಬಾರ್ದು ಕಣೋ' ಅಂದರು.

ಇದೇ ತಪ್ಪನ್ನು ದೊಡ್ಡ ದೊಡ್ಡ ಖಗೋಳಜ್ಞರೂ ಮಾಡಿದ್ದರು ಅಂತ ಓದಿದಾಗ ಆ ಲಾರಿ ನೆನಪಾಯ್ತು. ನಕ್ಷತ್ರದ ನಿಜವಾದ ಪ್ರಕಾಶ ಗೊತ್ತಿದ್ದರೆ, ಕಾಣುವ ಪ್ರಕಾಶದಿಂದ ದೂರ ಲೆಕ್ಕ ಹಾಕಬಹುದು. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗ. ಡಚ್ಚರ ಕಾಪ್ಟೈನ್ 1922ರಲ್ಲಿ ಸೂರ್ಯನನ್ನು ಆಕಾಶಗಂಗೆಯ ನಡುವಿನ ಹತ್ತಿರವೇ ಕೂರಿಸಿದರು. ಅಮೆರಿಕದ ಶಾಪ್ಲಿ 1918ರಲ್ಲೇ ಗೋಳಾಕಾರದ ನಕ್ಷತ್ರಗುಚ್ಛಗಳ ದೂರ ಅಳೆದು, ಕೇಂದ್ರ ಧನು ರಾಶಿಯ ಕಡೆ ಬಹುದೂರ ಅಂದಿದ್ದರು. ದಿಕ್ಕು ಸರಿ, ಆದರೆ ದೂರ ಈಗಿನ ಲೆಕ್ಕವಾದ ಸುಮಾರು 26,000 ಜ್ಯೋತಿರ್ವರ್ಷಕ್ಕಿಂತ ತೀರಾ ಹೆಚ್ಚು.

ಇಬ್ಬರೂ ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಧೂಳನ್ನು. 1930ರಲ್ಲಿ ಟ್ರಂಪ್ಲರ್ ಬೆಳಕಿನಿಂದ ದೂರ ಅಳೆದಾಗ, ದೂರದ ಗುಚ್ಛಗಳೆಲ್ಲ ಹತ್ತಿರದವಕ್ಕಿಂತ ದೊಡ್ಡವಾಗಿ ಬಂದವು. ನಮ್ಮಿಂದ ದೂರ ಇದೆ ಅಂತ ಗುಚ್ಛ ಯಾಕೆ ಹಿಗ್ಗಬೇಕು? ದಾರಿಯಲ್ಲಿ ಧೂಳು ಬೆಳಕು ನುಂಗ್ತಿತ್ತು! ಧೂಳು ನೀಲಿಯನ್ನು ಹೆಚ್ಚು ತಡೆಯುತ್ತೆ, ಕೆಂಪನ್ನು ಕಡಿಮೆ. ಹಾಗಾಗಿ ಬೇರೆ ಬೇರೆ ಬಣ್ಣದ ಫಿಲ್ಟರ್‌ಗಳಲ್ಲಿ ಅಳೆದು, ನಕ್ಷತ್ರ ಇರಬೇಕಾದ್ದಕ್ಕಿಂತ ಎಷ್ಟು ಕೆಂಪಾಗಿದೆ ಅಂತ ನೋಡಿದರೆ, ನಡುವಿನ ಧೂಳೆಷ್ಟು ಅಂತ ತಿಳಿಯುತ್ತೆ.

ಈಗ ಅಪ್ಪನ ಕಣ್ಣಿಗೆ ಪೊರೆ ಬಂದಿದೆ, ಬೈಕ್ ಓಡಿಸೋದು ನಾನು. ದೀಪ ಕಂಡರೆ 'ದೂರ ಇದೆ, ನಡಿ' ಅಂತಾರೆ. ನಾನು ಏನೂ ಹೇಳದೆ ಬದಿಗೆ ನಿಲ್ಲಿಸ್ತೇನೆ.