ಒಂದೇ ಪೆಟ್ಟಿಗೆ, ಎರಡು ಸಂಸಾರ

ಮುಂಬಯಿಯ ಚಾಳಿನಲ್ಲಿ ಬೆಳೆದ ನಮಗೆ ಒಂದೇ ಸೂರಿನಡಿ ಎರಡು ಸಂಸಾರ ಹೊಸದಲ್ಲ. ಈಗ ನಮ್ಮ ಕಂಪ್ಯೂಟರಿನೊಳಗೂ ಅದೇ ಕಥೆ. ಅಪ್ಪ ಇಂದಿಗೂ ಊರಿನ ನೆನಪುಗಳನ್ನು ಬರೆಯುವುದು ವಿಂಡೋಸಿನ ಹಳೆಯ ‘ನುಡಿ’ಯಲ್ಲಿ, ಮಕ್ಕಳಿಗೆ ಲಿನಕ್ಸೇ ಆಗಬೇಕು.

ಲಿನಕ್ಸಿನ ಇಎಕ್ಸ್‌ಟಿ4 ಕೋಣೆಯೊಳಗೆ ವಿಂಡೋಸ್ ತಾನಾಗಿ ಇಣುಕಲಾರದು. ವಿಂಡೋಸಿನ ಎನ್‌ಟಿಎಫ್‌ಎಸ್ ಕೋಣೆಗೆ ಲಿನಕ್ಸ್ ಹೋಗಿಬರಬಲ್ಲದು. ಆದ್ದರಿಂದ ನಡುವೆ ಎನ್‌ಟಿಎಫ್‌ಎಸ್‌ನದೇ ಒಂದು ಸಾಮಾನ್ಯ ಕೋಣೆ ಮಾಡಿ, ಅಪ್ಪನ ಬರಹವನ್ನೂ ತೀರಿಹೋದ ಅಮ್ಮನ ಸೋಬಾನೆ ಹಾಡುಗಳ ಧ್ವನಿಮುದ್ರಣವನ್ನೂ ಅಲ್ಲಿಟ್ಟೆವು. (ಫ್ಯಾಟ್32 ಆಗಿದ್ದರೆ 4 ಜಿಬಿ ಮೀರಿದ ಕಡತ ಹಿಡಿಸದು; ತಂಗಿಯ ಮದುವೆಯ ವಿಡಿಯೋ ಹೊರಗೇ ನಿಲ್ಲುತ್ತಿತ್ತು!)

ಒಂದು ಸಂಜೆ ಲಿನಕ್ಸ್ ಆ ಕೋಣೆಯಲ್ಲಿ ಓದಲಷ್ಟೇ ಬಿಟ್ಟಿತು, ಬರೆಯಲು ಬಿಡಲೊಲ್ಲದು. ಕಾರಣ ಹುಡುಕಿದರೆ ‘ಫಾಸ್ಟ್ ಸ್ಟಾರ್ಟಪ್’. 2012ರ ವಿಂಡೋಸ್ 8ರೊಂದಿಗೆ ಬಂದ ಏರ್ಪಾಟು ಇದು. ‘ಶಟ್ ಡೌನ್’ ಎಂದರೂ ವಿಂಡೋಸಿನದು ಕೋಳಿನಿದ್ದೆ. ವಿಚಿತ್ರವೆಂದರೆ, ‘ರೀಸ್ಟಾರ್ಟ್’ ಎಂದಾಗಲೇ ಅದು ಪೂರ್ತಿ ಕದ ಮುಚ್ಚುವುದು! ಅರೆನಿದ್ದೆಯಿಂದ ಎದ್ದಾಗ, ಬಿಟ್ಟುಹೋದ ಕೋಣೆ ಹಾಗೆಯೇ ಇದೆಯೆಂದು ನಂಬಿರುತ್ತದೆ. ನಡುವೆ ಬಲವಂತವಾಗಿ ಬರೆದಿದ್ದರೆ ಕಡತಗಳು ಕೆಡಬಹುದಿತ್ತು. ಅಪ್ಪನ ಬರಹವನ್ನು ಮತ್ತೆ ಬರೆಸಬಹುದು. ಅಮ್ಮನ ದನಿಯನ್ನು ಎಲ್ಲಿಂದ ತರೋಣ? ಲಿನಕ್ಸ್ ಅಡ್ಡ ನಿಂತದ್ದು ಉಪಕಾರವೇ ಆಯಿತು.

ಕಂಟ್ರೋಲ್ ಪ್ಯಾನೆಲ್ಲಿನ ‘ಪವರ್ ಆಪ್ಷನ್ಸ್’ಗೆ ಹೋಗಿ ಅದನ್ನು ನಿಲ್ಲಿಸಿದೆವು. ಹಾಡುಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲೂ ಇಟ್ಟೆವು. ವಿಂಡೋಸ್ ಏಳುವುದು ಈಗ ತುಸು ತಡ. ಅಷ್ಟು ಹೊತ್ತು ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಾ ಕೂರುತ್ತಾರೆ.