ಶೇಂಗಾಗೆ ಬೇಕಿದ್ದ ನೆಲ್ಲಿಕಾಯಿ

ಹೋದ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೊರಟಾಗ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ತೂತು ಮಾಡಿದ ಒಂದು ರಟ್ಟಿನ ಡಬ್ಬಿ ಇತ್ತು. ಅದರೊಳಗೆ ಒಂದು ಗಿನಿ ಪಿಗ್. ಅಣ್ಣನ ಮಗಳಿಗೆ 8 ವರ್ಷ. ಫೋನ್ ಮಾಡಿದಾಗಲೆಲ್ಲ "ಚಿಕ್ಕಪ್ಪಾ, ನಂಗೇ ಅಂತ ಒಂದು ಪ್ರಾಣಿ ಬೇಕು" ಅಂತಿದ್ದಳು. ಮನೇಲಿ ಹಸು, ಎಮ್ಮೆ, ನಾಯಿ ಎಲ್ಲಾ ಇವೆ. ಆದರೆ ಅವೆಲ್ಲ ಮನೆಯವು, ಅವಳವಲ್ಲ. ಸರಿ, ಹಬ್ಬಕ್ಕೆ ಒಂದು ಸರ್‌ಪ್ರೈಸ್ ಇರಲಿ ಅಂತ ಯಾರನ್ನೂ ಕೇಳದೆ ಕೊಂಡುಬಿಟ್ಟೆ. ಹಗಲಿನ ಬಿಸಿಲು ಬೇಡ ಅಂತ ರಾತ್ರಿಯೇ ಗಾಡಿ ಓಡಿಸಿದೆ. ಅಷ್ಟರಮಟ್ಟಿಗೆ ಜವಾಬ್ದಾರಿ ಇರೋ ಮನುಷ್ಯ ನಾನು ಅಂತ ನನಗೇ ಹೆಮ್ಮೆ.

ನಮ್ಮೂರು ಶಿಕಾರಿಪುರ ತಾಲ್ಲೂಕಿನ ಅಂಜನಾಪುರ. ಕುಮುದ್ವತಿ ನದಿಗೆ ಕಟ್ಟಿದ ಜಲಾಶಯ ಇರುವ ಊರು. ಮಳೆಗಾಲದಲ್ಲಿ ಡ್ಯಾಂ ತುಂಬಿ ಕೋಡಿ ಬಿದ್ದರೆ ಸುತ್ತಲಿನವರೆಲ್ಲ ಬೈಕ್ ಹತ್ತಿ ನೋಡೋಕೆ ಬರ್ತಾರೆ. ಉಳಿದ ದಿನಗಳಲ್ಲಿ ನಾವು, ನಮ್ಮ ಅಡಿಕೆ, ನಮ್ಮ ಗದ್ದೆ. ಇಂಥ ಊರಿನ ಜಗಲಿ ಮೇಲೆ ಬೆಳಿಗ್ಗೆ ಆರು ಗಂಟೆಗೆ ಡಬ್ಬಿ ಬಿಚ್ಚಿದರೆ ಅಮ್ಮ ಹೌಹಾರಿದರು.

"ಏನೋ ಇದು? ಹಬ್ಬದ ದಿನ ಹೆಗ್ಗಣ ತಂದಿದೀಯಾ?"

"ಹೆಗ್ಗಣ ಅಲ್ಲಮ್ಮ, ಗಿನಿ ಪಿಗ್."

"ಹಂದೀನಾ?"

ಹಂದಿಯೂ ಅಲ್ಲ, ಆಫ್ರಿಕಾದ ಗಿನಿ ದೇಶದ್ದೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದ ಕಡೆಯದು. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಮಾಂಸಕ್ಕಾಗಿ ಇದನ್ನು ಸಾಕುತ್ತಿದ್ದರು. 16ನೇ ಶತಮಾನದಲ್ಲಿ ಹಡಗು ಹತ್ತಿ ಯುರೋಪಿಗೆ ಬಂದಮೇಲೆ ಮುದ್ದಿನ ಪ್ರಾಣಿ ಆಯ್ತು. ಇದನ್ನೆಲ್ಲ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಇದು ಹಾಲು ಕೊಡಲ್ಲ, ಇಲಿ ಹಿಡಿಯಲ್ಲ, ಮನೆ ಕಾಯಲ್ಲ. ಮತ್ತೆ ಏನು ಮಾಡುತ್ತೆ?"

"ನನ್ನ ಹತ್ರ ಇರುತ್ತೆ ಅಜ್ಜಿ" ಅಂದಳು ನಮ್ಮ ಪುಟ್ಟಿ. ಕಂದು ಬಣ್ಣಕ್ಕೆ ತಕ್ಕ ಹಾಗೆ ಅವತ್ತೇ ಶೇಂಗಾ ಅಂತ ಹೆಸರಿಟ್ಟಳು.

ಅತ್ತಿಗೆ ಮಾತ್ರ ಏನೂ ಅನ್ನದೆ ಕಾಫಿ ಕೊಟ್ಟು, ಆಮೇಲೆ ಕೇಳಿದರು: "ಎಷ್ಟು ವರ್ಷ ಬದುಕುತ್ತೆ?"

"ಚೆನ್ನಾಗಿ ನೋಡಿಕೊಂಡ್ರೆ 5ರಿಂದ 8 ವರ್ಷ."

"ಅಂದ್ರೆ ಇವಳ ಎಸ್ಸೆಸ್ಸೆಲ್ಸಿ ತನಕ" ಅಂದರು, ನಗುತ್ತಲೇ. ಗೂಡು ಯಾರು ತೊಳೀತಾರೆ ಅನ್ನೋ ಪ್ರಶ್ನೆಯೂ ಆ ನಗುವಿನಲ್ಲಿತ್ತು ಅಂತ ನನಗೆ ತಿಳಿದದ್ದು ಬಹಳ ತಡವಾಗಿ.

ಪಟಾಕಿ ಸದ್ದಿಗೆ ಶೇಂಗಾ ಎರಡು ದಿನ ಗೂಡಿನ ಮೂಲೆ ಬಿಟ್ಟು ಬರಲಿಲ್ಲ. ಮೂರನೇ ದಿನ ನಿಧಾನಕ್ಕೆ ಹೊರಗೆ ಬಂತು. ಪುಟ್ಟಿಗೆ ಅದನ್ನು ಎತ್ತೋದು ಹೇಳಿಕೊಟ್ಟೆ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಸರೆ, ಎತ್ತಿದ ಕೂಡಲೇ ನೆಲಕ್ಕೆ ಕೂತುಬಿಡಬೇಕು. ಎತ್ತರದಿಂದ ಬಿದ್ದರೆ ಇವು ಬೆಕ್ಕಿನ ಹಾಗೆ ಕಾಲಮೇಲೆ ನಿಲ್ಲಲ್ಲ, ಮೂಳೆ ಮುರಿದುಕೊಳ್ತವೆ. ಪುಟ್ಟಿ ಬೆರಳು ಎಣಿಸಿ ಕಂಡುಹಿಡಿದಳು: ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು. "ಬಾಲ ಎಲ್ಲಿ ಚಿಕ್ಕಪ್ಪಾ?" ಇಲ್ಲ, ಇದಕ್ಕೆ ಬಾಲವೇ ಕಾಣಲ್ಲ. "ಹಲ್ಲು?" ಸಾಯೋ ತನಕ ಬೆಳೀತಾನೇ ಇರುತ್ತೆ, ಅದಕ್ಕೇ ದಿನವಿಡೀ ಹುಲ್ಲು ಜಗಿದು ಸವೆಸಬೇಕು.

ವಾಪಸ್ ಹೊರಡುವಾಗ ನಾನು ಪುಟ್ಟಿಗೆ ಕಟ್ಟುನಿಟ್ಟು ಮಾಡಿದೆ. ಅಂಗಡಿಯವನು "ಎರಡಕ್ಕೂ ಒಂದೇ ಸಾರ್" ಅಂತ ಕೊಟ್ಟ 5 ಕೆ.ಜಿ. ಮೊಲದ ಆಹಾರದ ಚೀಲ, ಮನೆಯ ಒಣ ಭತ್ತದ ಹುಲ್ಲು, ನೀರು. ಬೇರೆ ಏನೂ ಕೊಡಕೂಡದು. ತೋಟದಲ್ಲಿ ಕಳೆನಾಶಕ ಹೊಡೀತಾರೆ, ಯಾವ ಹಸಿರಿಗೆ ಏನು ತಾಗಿರುತ್ತೋ ಅಂತ ನನ್ನ ಭಯ. "ಕೊತ್ತಂಬರಿ ಸೊಪ್ಪೂ ಬೇಡ್ವಾ? ಅದು ಮೂಸ್ತಾ ಇತ್ತು" ಅಂದಳು. ಬೇಡ ಅಂದೆ. ದಿನಾ ಊಟ ಕೊಟ್ಟಮೇಲೆ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕು ಅಂತಲೂ ಹೇಳಿದೆ. ಆಫೀಸಿನ ಅಭ್ಯಾಸ.

ಸುಮಾರು ಐದು ವಾರ ಕಳೆದಿತ್ತು. ಒಂದು ಗುರುವಾರ ರಾತ್ರಿ ಅತ್ತಿಗೆ ಫೋನ್ ಮಾಡಿದರು. "ನಿಮ್ಮ ಶೇಂಗಾ ಯಾಕೋ ಸರಿ ಇಲ್ಲ. ನಡೆಯೋಕೆ ಹಿಂದೆಮುಂದೆ ನೋಡುತ್ತೆ. ಮುಟ್ಟಿದ್ರೆ ಕಿರಗುಟ್ಟುತ್ತೆ. ಕೂದಲೆಲ್ಲ ಒರಟಾಗಿದೆ." ವಿಡಿಯೋ ಕಾಲ್‌ನಲ್ಲಿ ನೋಡಿದೆ. ಕಾಲು ಎಳೆದುಕೊಂಡು ಮೂಲೆಯಲ್ಲಿ ಗುಬುರಿಕೊಂಡಿತ್ತು. ನನಗೆ ಎಲ್ಲಿಂದ ಸಿಟ್ಟು ಬಂತೋ, ಪಕ್ಕದಲ್ಲಿ ಕೂತಿದ್ದ ಮಗುವಿನ ಮೇಲೆ ಹರಿಹಾಯ್ದೆ. "ಊಟ ತಪ್ಪಿಸಿದೀಯಾ? ಎತ್ತಿ ಬೀಳಿಸಿದೀಯಾ? ನೋಡಿಕೊಳ್ಳೋಕೆ ಆಗಲ್ಲ ಅಂದ್ರೆ ಬೇಕು ಅಂತ ಯಾಕೆ ಹಟ ಮಾಡಿದೆ?"

ಅವಳು ಅಳಲಿಲ್ಲ. ಎದ್ದು ಹೋಗಿ ನೋಟ್‌ಬುಕ್ ತಂದು ಕ್ಯಾಮೆರಾದ ಮುಂದೆ ಹಿಡಿದಳು. ಒಂದು ದಿನವೂ ಬಿಟ್ಟಿರಲಿಲ್ಲ. ಬೆಳಿಗ್ಗೆಗೊಂದು, ಸಂಜೆಗೊಂದು ಟಿಕ್. ನಾನು ಅದನ್ನೂ ನಂಬದೆ "ಸರಿ ಸರಿ, ನಾಳೆ ಬರ್ತೀನಿ" ಅಂತ ಫೋನ್ ಇಟ್ಟೆ.

ಶನಿವಾರ ಬೆಳಿಗ್ಗೆ ಶೇಂಗಾನ ಡಬ್ಬಿಯನ್ನು ತೊಡೆಮೇಲೆ ಇಟ್ಟುಕೊಂಡು ಪುಟ್ಟಿ ಕಾರಿನಲ್ಲಿ ಕೂತಳು. ಶಿವಮೊಗ್ಗ ತಲುಪೋ ತನಕ ನನ್ನ ಜೊತೆ ಒಂದು ಮಾತಿಲ್ಲ. ಪಶುವೈದ್ಯರು ಶೇಂಗಾನ ಕೀಲು, ಒಸಡು ನೋಡಿ ಮೊದಲು ಕೇಳಿದ್ದೇ "ಏನು ತಿನ್ನಿಸ್ತಿದೀರಿ?" ಅಂತ. ನಾನು ಹೆಮ್ಮೆಯಿಂದ ಚೀಲದ ಫೋಟೋ ತೋರಿಸಿದೆ. ಅವರು ನೋಡಿ, ನನ್ನ ಮುಖವನ್ನೂ ನೋಡಿ ಹೇಳಿದರು: "ಇದು ಮೊಲದ್ದು. ಮೊಲ ತನ್ನ ಮೈಯಲ್ಲೇ ವಿಟಮಿನ್ ಸಿ ಮಾಡಿಕೊಳ್ಳುತ್ತೆ. ಹಸು, ನಾಯಿ, ಬೆಕ್ಕು ಕೂಡ. ಗಿನಿ ಪಿಗ್‌ಗೆ ಅದು ಆಗಲ್ಲ, ನಮ್ಮ ಹಾಗೇ. ದಿನಾ ಊಟದಲ್ಲೇ ಸಿಗಬೇಕು. ಇದಕ್ಕೆ ಸ್ಕರ್ವಿ ಆಗಿದೆ."

ಸ್ಕರ್ವಿ! ತಿಂಗಳುಗಟ್ಟಲೆ ಹಡಗಿನಲ್ಲೇ ಇದ್ದು, ಹಣ್ಣು ತರಕಾರಿ ಕಾಣದ ನಾವಿಕರಿಗೆ ಬರ್ತಿತ್ತು ಅಂತ ಸ್ಕೂಲಲ್ಲಿ ಓದಿದ್ದ ಕಾಯಿಲೆ. ಒಸಡಿನಲ್ಲಿ ರಕ್ತ, ಕೀಲುಗಳಲ್ಲಿ ನೋವು.

ಡಾಕ್ಟರು ವಿಟಮಿನ್ ಸಿ ಹನಿ ಬರೆದುಕೊಟ್ಟರು. ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಹಾಕಬೇಕು. ನೀರಿಗೆ ಬೆರೆಸಿಟ್ಟರೆ ಸತ್ವ ಬೇಗ ಹಾಳಾಗುತ್ತೆ. ಊಟ ಬಿಟ್ಟು ಕೂತರೆ ಒಂದು ದಿನವೂ ಕಾಯಬೇಡಿ, ಕರುಳು ನಿಂತುಹೋಗುತ್ತೆ. ಮನೇಲಿರೋ ಅಮಾಕ್ಸಿಸಿಲಿನ್ ಥರದ ಮಾತ್ರೆ ಅಪ್ಪಿತಪ್ಪಿಯೂ ಕೊಡಬೇಡಿ, ಇವಕ್ಕೆ ಅದು ಪ್ರಾಣಕ್ಕೇ ಅಪಾಯ ಅಂದರು.

ಪುಟ್ಟಿ ಆಗ ಮೊದಲ ಸಲ ಬಾಯಿಬಿಟ್ಟಳು. "ಅದಕ್ಕೆ ಇಷ್ಟು ದಿನ ನೋವಾಗ್ತಿತ್ತಾ? ಯಾಕೆ ನಂಗೆ ಗೊತ್ತಾಗ್ಲಿಲ್ಲ?"

"ಕಾಡಿನಲ್ಲಿ ಇದರ ಜಾತಿಯವನ್ನೆಲ್ಲ ದೊಡ್ಡ ಪ್ರಾಣಿಗಳು ಹಿಡಿದು ತಿಂತವೆ ಮಗಾ. ನೋವು ತೋರಿಸಿದ್ದು ಮೊದಲು ಸಿಕ್ಕಿಬೀಳುತ್ತೆ. ಅದಕ್ಕೇ ಬಚ್ಚಿಡ್ತಾವೆ. ನಮಗೆ ಕಾಣೋ ಹೊತ್ತಿಗೆ ಕಾಯಿಲೆ ಜೋರಾಗಿರುತ್ತೆ. ನಿನ್ನ ತಪ್ಪೇನಿಲ್ಲ" ಅಂದರು ಡಾಕ್ಟರು.

ನಾನು ಹೇಳಬೇಕಾದ ಮಾತು ಅದು. ಬೇರೆಯವರು ಹೇಳಿಬಿಟ್ಟಿದ್ದರು.

ಅವತ್ತು ರಾತ್ರಿ ನಿದ್ದೆ ಬರದೆ ಮೊಬೈಲ್ ಹಿಡಿದು ಓದುತ್ತಾ ಹೋದೆ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಅನ್ನೋ ಇಬ್ಬರು ಗಿನಿ ಪಿಗ್‌ಗಳಿಗೆ ಬರೀ ಕಾಳುಕಡಿಯ ಆಹಾರ ಕೊಟ್ಟು ನೋಡಿದರಂತೆ. ಅವರು ಹುಡುಕುತ್ತಿದ್ದದ್ದು ಬೆರಿಬೆರಿ ಕಾಯಿಲೆಯನ್ನು, ಬಂದದ್ದು ಸ್ಕರ್ವಿ. ಎಲೆಕೋಸು, ನಿಂಬೆರಸದಂಥವು ಅದನ್ನು ತಡೆಯುತ್ತಿದ್ದವು. ಇಲಿಗಳ ಮೇಲೆ ಮಾಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಯಾಕಂದ್ರೆ ಇಲಿ ಕೂಡ ವಿಟಮಿನ್ ಸಿ ತಾನೇ ಮಾಡಿಕೊಳ್ಳುತ್ತೆ. ವಿಟಮಿನ್ ಸಿ ಪತ್ತೆಯಾಗೋಕೆ ಆ ಪ್ರಯೋಗ ದಾರಿ ಮಾಡಿತು. ನೂರು ವರ್ಷ ಕಳೆದಮೇಲೆ ಅದೇ ಪ್ರಯೋಗವನ್ನು ನಾನು ಅಂಜನಾಪುರದ ಜಗಲಿಯಲ್ಲಿ, ಗೊತ್ತಿಲ್ಲದೆ, ಮತ್ತೆ ಮಾಡಿದ್ದೆ. ಮಾಡಿ, ತಪ್ಪನ್ನು ಮಗುವಿನ ತಲೆಗೆ ಕಟ್ಟಿದ್ದೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೊಂದು ಚಾಳಿ ಇದೆ. ಏನಾದ್ರೂ ಕೆಟ್ಟರೆ ಮೊದಲು "ಬಳಸೋರಿಗೆ ಬಳಸೋಕೆ ಬರಲ್ಲ" ಅನ್ನೋದು. ನಮ್ಮ ಕೋಡ್ ತೆರೆದು ನೋಡೋದು ಆಮೇಲೆ.

ಬೆಳಿಗ್ಗೆ ಅಮ್ಮ ಹಿತ್ತಿಲಿನಿಂದ ಒಂದು ಹಿಡಿ ಬೆಟ್ಟದ ನೆಲ್ಲಿಕಾಯಿ ತಂದು ಮುಂದೆ ಸುರಿದರು. "ಸಿ ವಿಟಮಿನ್ ಅಂದ್ರೆ ಇದೇ ಅಲ್ವೇನೋ? ತುಳಸಿ ಪೂಜೆಗೆ ಇದೇ ಮರದ ಕೊಂಬೆ ಕಡಿದು ನೆಟ್ಟಿದ್ವಿ. ಗೂಡಿನಿಂದ ನಾಲ್ಕು ಮಾರು ದೂರದಲ್ಲಿತ್ತು." ನನಗೆ ನೆಲ ಬಿರಿದು ಒಳಗೆ ಹೋಗೋ ಹಾಗಾಯ್ತು.

ಪುಟ್ಟಿ ಜಗಲಿ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕ ಹೋಗಿ ಕೂತೆ. "ಪುಟ್ಟಿ, ತಪ್ಪು ನಂದು. ನೀನು ನಾನು ಹೇಳಿದ ಹಾಗೇ ಮಾಡಿದೀಯ. ನಾನು ಹೇಳಿದ್ದೇ ತಪ್ಪಾಗಿತ್ತು. ನೀನು ಕೊತ್ತಂಬರಿ ಸೊಪ್ಪು ಕೊಡ್ತೀನಿ ಅಂದಾಗ ಕೇಳಬೇಕಿತ್ತು. ಬೈದದ್ದಕ್ಕೆ ಸಾರಿ."

ಅವಳು ಸ್ವಲ್ಪ ಹೊತ್ತು ಯೋಚನೆ ಮಾಡಿ ನೋಟ್‌ಬುಕ್ ಮುಂದೆ ಚಾಚಿದಳು. "ಇಲ್ಲಿ ಬರಿ."

ಬರೆದೆ: "ಪುಟ್ಟಿ ಒಂದು ದಿನವೂ ಊಟ ತಪ್ಪಿಸಿಲ್ಲ. ಚಿಕ್ಕಪ್ಪ ಕೊಡಿಸಿದ ಊಟವೇ ತಪ್ಪಾಗಿತ್ತು." ಕೆಳಗೆ ಸಹಿ, ತಾರೀಖು. ಅವಳು ಓದಿ, ತಲೆಯಾಡಿಸಿ, ಪುಸ್ತಕ ಮುಚ್ಚಿದಳು.

ಶೇಂಗಾ ಮೊದಲ ದಿನ ನೆಲ್ಲಿಕಾಯಿ ಮೂಸಿ ಮುಖ ತಿರುಗಿಸಿತು. ಹುಳಿ, ಪಾಪ. ಕೊತ್ತಂಬರಿ ಸೊಪ್ಪಿಗೆ ಬಾಯಿ ಹಾಕಿತು, ದೊಣ್ಣೆ ಮೆಣಸಿನಕಾಯಿ ಇಷ್ಟಪಟ್ಟಿತು. ಆಮೇಲೆ ಬೀಜ ತೆಗೆದ ನೆಲ್ಲಿಯ ಪುಟ್ಟ ಚೂರನ್ನೂ ಒಪ್ಪಿಕೊಂಡಿತು. ಔಷಧ ಹಾಕೋ ಕೆಲಸ ಅತ್ತಿಗೆಯದು. ಒಂದು ವಾರದಲ್ಲಿ ನಡೆಯೋಕೆ ಶುರುಮಾಡ್ತು. ಮೂರನೇ ವಾರ ಅವರು ಕಳಿಸಿದ ವಿಡಿಯೋದಲ್ಲಿ ನಿಂತಲ್ಲೇ ಪುಟಪುಟ ನೆಗೀತಿತ್ತು. ಖುಷಿಯಾದರೆ ಇವು ಹಾಗೇ, ಬಾಣಲೆಯಲ್ಲಿ ಅರಳು ಸಿಡಿದ ಹಾಗೆ.

ಇನ್ನೊಂದು ತಪ್ಪೂ ಉಳಿದಿತ್ತು. ಗಿನಿ ಪಿಗ್ ಗುಂಪಿನಲ್ಲಿ ಬದುಕೋ ಪ್ರಾಣಿ. ಸ್ವಿಟ್ಜರ್‌ಲೆಂಡಿನಲ್ಲಿ 2008ರಿಂದ ಒಂಟಿಯಾಗಿ ಸಾಕೋದಕ್ಕೆ ಕಾನೂನೇ ಬಿಡಲ್ಲ. ನಮ್ಮ ಪುಟ್ಟಿ ಶಾಲೆಗೆ ಹೋದರೆ ಶೇಂಗಾ ಸಂಜೆ ತನಕ ಒಂಟಿ. ಈ ಸಲ ಸರ್‌ಪ್ರೈಸ್ ಮಾಡಲಿಲ್ಲ. ಮೊದಲು ಅತ್ತಿಗೆಗೆ ಫೋನ್ ಮಾಡಿ ಕೇಳಿದೆ. "ಗೂಡು ತೊಳೆಯೋದು ಯಾರು?" ಅಂದರು, ಈ ಸಲ ನೇರವಾಗಿಯೇ. ಮಾತುಕತೆ ನಡೆದು, ಭಾನುವಾರ ಅಣ್ಣ, ಉಳಿದ ದಿನ ಪುಟ್ಟಿ ಮತ್ತು ಅತ್ತಿಗೆ, ಖರ್ಚು ಪೂರ್ತಿ ನನ್ನದು ಅಂತ ಆಯ್ತು. ಆಮೇಲೇ ಎರಡನೆಯದು ಬಂತು. ಎರಡೂ ಹೆಣ್ಣೇ ಅಂತ ಡಾಕ್ಟರಿಂದ ಖಾತ್ರಿ ಮಾಡಿಕೊಂಡೆವು. ಇಲ್ಲದಿದ್ದರೆ ಎರಡು ಹತ್ತಾಗೋಕೆ ಜಾಸ್ತಿ ದಿನ ಬೇಡ. ಇವುಗಳ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು! ಎರಡು ವಾರ ಬೇರೆ ಇಟ್ಟು ಆಮೇಲೆ ಒಟ್ಟಿಗೆ ಬಿಟ್ಟೆವು. ಹೆಸರು ಬೆಲ್ಲ.

ಈಗ ಬೇಸಿಗೆ. ಇವಕ್ಕೆ ಸೆಖೆ ತಡೆಯಲ್ಲ, ಬೆವರೋದು ಗೊತ್ತಿಲ್ಲ. ಹಾಗಾಗಿ ಗೂಡು ಜಗಲಿಯಿಂದ ನಡುಮನೆಯ ತಂಪಿಗೆ ಬಂದಿದೆ. ಔಷಧ ಹೊಡೆಯದ ಹಿತ್ತಿಲ ಗರಿಕೆ ದಿನಾ ಬೇಕು. ಅದನ್ನು ಕೊಯ್ದು ತರೋರು ಹೆಗ್ಗಣ ಅಂದಿದ್ದ ನಮ್ಮಮ್ಮನೇ.

ಮಕ್ಕಳಿಗೆ ಪ್ರಾಣಿ ಉಡುಗೊರೆ ಕೊಡಬೇಕು ಅಂತಿರೋ ಚಿಕ್ಕಪ್ಪ, ಮಾವಂದಿರಿಗೆ ನನ್ನದೊಂದೇ ಮಾತು. ಕೊಳ್ಳೋ ಮುಂಚೆ ಆ ಮನೆಯ ಅಡುಗೆಮನೆಗೆ ಒಂದು ಫೋನ್ ಮಾಡಿ.

ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಈಗ ಹೊಸ ಗೆರೆಗಳು ಬಿದ್ದಿವೆ. ಹುಲ್ಲು, ನೀರು, ಹಸಿರು, ಸಿ. ಕೊನೆಯ ಸಾಲು ನನ್ನದು: "ಚಿಕ್ಕಪ್ಪ ಫೋನ್ ಮಾಡಿ ಕೇಳಿದ್ರಾ?" ಹೋದ ವಾರ ರಿಲೀಸ್ ಗಲಾಟೆಯಲ್ಲಿ ಎರಡು ದಿನ ಮರೆತೆ. ಟಿಕ್ ಹಾಕಿಲ್ಲವಂತೆ.