ಯುದ್ಧದ ಚಲಚ್ಚಿತ್ರವನ್ನು ನೋಡುವವರು

ಕಾಳಗದ ದೃಶ್ಯಗಳನ್ನು ಇದ್ದಂತೆಯೇ ತೋರಿಸುವ ಚಲಚ್ಚಿತ್ರಗಳು ಹೆಣ್ಣುಮಕ್ಕಳಿಗೆ ಯುಕ್ತವೇ ಎಂದು ಪೋಷಕರೊಬ್ಬರು ನನಗೆ ಪತ್ರ ಬರೆದು ಕೇಳಿದ್ದರು. ಅವರಿಗೆ ನಾಲ್ಕು ಸಾಲಿನ ಉತ್ತರವನ್ನು ಕಳುಹಿಸಿದ್ದಾಯಿತು. ವಿಷಯವು ಅಷ್ಟಕ್ಕೇ ಮುಗಿಯತಕ್ಕದ್ದಲ್ಲವಾದುದರಿಂದ, ನಮ್ಮ ಹಳೆಯ ವಿದ್ಯಾರ್ಥಿನಿಯರೂ ಓದುವ ಈ ಸಂಚಿಕೆಯಲ್ಲಿ ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ.

ವಿದ್ಯಾರ್ಥಿನಿಲಯದಲ್ಲಿ ನಾವು ತೋರಿಸಿದುದು 'ಮುತ್ತಿನ ಹಾರ'. ಎಸ್. ವಿ. ರಾಜೇಂದ್ರಸಿಂಗ್ ಬಾಬು ಅವರು ನಿರ್ದೇಶಿಸಿ 1990ರಲ್ಲಿ ತೆರೆಕಂಡ ಈ ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯು ದೊರೆತಿತ್ತು. ಕೊಡಗಿನ ಯೋಧ ಅಚ್ಚಪ್ಪನಾಗಿ ವಿಷ್ಣುವರ್ಧನರೂ ದಾದಿ ಅನ್ನಪೂರ್ಣೆಯಾಗಿ ಸುಹಾಸಿನಿಯವರೂ ಅಭಿನಯಿಸಿರುವರು. ಕೊಡಗು ನಮ್ಮಂತೆಯೇ ಕಾಫಿಯ ಸೀಮೆ. ಮೂಡಿಗೆರೆ, ಕಳಸಗಳ ಕಡೆಯ ಹುಡುಗಿಯರಿಗೆ ಅದು ಪರದೇಶವೆಂದು ತೋರಲಿಲ್ಲ.

ನಾನು ಪರದೆಗಿಂತ ಹೆಚ್ಚಾಗಿ ಮುಖಗಳನ್ನೇ ನೋಡುತ್ತಿದ್ದೆನು. ಇದು ಉಪಾಧ್ಯಾಯಿನಿಯರಿಗೆ ಅಂಟಿದ ಚಾಳಿ. ಗುಂಡಿನ ಸದ್ದು ಕೇಳಿದಾಗ ಚಿಕ್ಕ ಹುಡುಗಿಯರು ಚಪ್ಪಾಳೆ ತಟ್ಟಿದರು. ಆ ಸಂಸಾರಕ್ಕೆ ದುಃಖವು ಒದಗಿದಾಗ ಅವರೇ ಮೌನವಾದರು. ಮರುದಿನ ಬರೆಸಿದ ಪ್ರಬಂಧದಲ್ಲಿ ಒಬ್ಬಳು, ತನಗೆ ತುಪಾಕಿಯ ಭಯವಾಗಲಿಲ್ಲ, ಮನೆಯಲ್ಲಿ ಕಾದಿರುವವರನ್ನು ನೋಡಿ ಭಯವಾಯಿತೆಂದು ಬರೆದಿದ್ದಳು. ಅವಳ ಅಣ್ಣನು ಸೈನ್ಯದಲ್ಲಿರುವನೆಂಬುದು ನನಗೆ ಆಗ ತಿಳಿಯಿತು.

ಇಂತಹ ಪ್ರಶ್ನೆಯು ಹೊಸದಲ್ಲ. 1916ನೆಯ ಆಗಸ್ಟ್ ತಿಂಗಳಲ್ಲಿ, ಸೋಮ್ ಕದನವು ನಡೆಯುತ್ತಿರುವಾಗಲೇ, ಅದರ ಚಿತ್ರವನ್ನು ಇಂಗ್ಲೆಂಡಿನಲ್ಲಿ ಪ್ರದರ್ಶಿಸಿದರು. ಆರು ವಾರಗಳಲ್ಲಿ ಸುಮಾರು 2 ಕೋಟಿ ಜನರು ನೋಡಿದರೆಂದು ಹೇಳುವರು. ತಮ್ಮ ಗಂಡಂದಿರೂ ಮಕ್ಕಳೂ ಅಲ್ಲಿರಬಹುದೆಂದು ಹೆಂಗಸರು ಪರದೆಯ ಮೇಲೆ ಮುಖಗಳನ್ನು ಹುಡುಕಿದರು. ಡರ್ಹಮಿನ ಡೀನರಾದ ಹೆನ್ಸನ್ನರು ಇದು ಸತ್ತವರಿಗೂ ಅವರ ಮನೆಯವರಿಗೂ ಅಗೌರವವೆಂದು ಪತ್ರಿಕೆಗೆ ಬರೆದು ಆಕ್ಷೇಪಿಸಿದರು. ಮಕ್ಕಳನ್ನು ಕಳೆದುಕೊಂಡ ಕೆಲವರು, ತಮಗೆ ಅದನ್ನು ನೋಡುವ ಹಕ್ಕಿದೆಯೆಂದು ವಾದಿಸಿದರು. ವಿಚಿತ್ರವೇನೆಂದರೆ, ಕಂದಕದಿಂದ ಮೇಲೇರುವ ಸಿಪಾಯಿಗಳು ಕುಸಿದು ಬೀಳುವ ಆ ಪ್ರಸಿದ್ಧ ದೃಶ್ಯವು ರಣರಂಗದ ಹಿಂದೆ ಅಭಿನಯಿಸಿ ತೆಗೆದದ್ದು. ಗಾಯಾಳುಗಳ ದೃಶ್ಯಗಳಾದರೋ ನಿಜವಾದವು.

1998ರಲ್ಲಿ 'ಸೇವಿಂಗ್ ಪ್ರೈವೇಟ್ ರಯನ್' ಬಂದಾಗ, ನಾರ್ಮಂಡಿಯ ತೀರದ ದೃಶ್ಯವು ಅಮೆರಿಕದ ಹಳೆಯ ಯೋಧರನ್ನು ಎಷ್ಟು ಕಲಕಿತೆಂದರೆ, ಅವರ ಸಾಂತ್ವನಕ್ಕಾಗಿ ಅಲ್ಲಿನ ಸರ್ಕಾರವು ದೂರವಾಣಿಯ ಏರ್ಪಾಡು ಮಾಡಬೇಕಾಯಿತು. ಐವತ್ತು ವರ್ಷಗಳಿಗಿಂತ ಹೆಚ್ಚಾಗಿದ್ದರೂ ಆ ನೆನಪು ಹಳತಾಗಿರಲಿಲ್ಲ.

ಇದನ್ನು ನಾನು ಸೈನ್ಯದಿಂದ ನಿವೃತ್ತರಾಗಿ ಕಾಫಿ ತೋಟವೊಂದರಲ್ಲಿ ರೈಟರಾಗಿರುವ ನಮ್ಮ ಪೋಷಕರೊಬ್ಬರಿಗೆ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸದ್ದನ್ನೇನೋ ಚೆನ್ನಾಗಿ ತೋರಿಸ್ತಾರೆ, ಅಮ್ಮಾವರೇ. ಕಾಯೋದನ್ನು ಯಾರೂ ತೋರಿಸೋದಿಲ್ಲ. ನಮಗೆ ದಿನಗಟ್ಟಲೆ ಏನೂ ಆಗ್ತಿರಲಿಲ್ಲ, ಅದೇ ಕಷ್ಟ," ಎಂದರು. ಅವರ ಹೆಂಡತಿಯು ಒಳಗಿನಿಂದಲೇ, "ಇಲ್ಲಿ ನಮಗೂ ಹಾಗೇನೇ," ಎಂದರು.

ಆದಕಾರಣ ನನ್ನ ಅಭಿಪ್ರಾಯವು ಹೀಗಿದೆ. ಯುದ್ಧವನ್ನು ಬರೇ ಕೇಕೆ, ಜಯಕಾರಗಳ ಆಟವಾಗಿ ತೋರಿಸುವ ಚಿತ್ರಗಳೇ ಮಕ್ಕಳಿಗೆ ಹೆಚ್ಚು ಅಪಾಯಕರವಾದವು. ಸಾವನ್ನು ಸಾವೆಂದು ತೋರಿಸುವ ಚಿತ್ರವನ್ನು ಮೇಲಿನ ತರಗತಿಯವರು ನೋಡಬಹುದು, ಚಿಕ್ಕವರಿಗೆ ಅವಸರವಿಲ್ಲ. ಆದರೆ ಯಾರನ್ನೂ ಬಲವಂತದಿಂದ ಕೂರಿಸಕೂಡದು. ಯಾವ ಮನೆಯಿಂದ ಯಾರು ಗಡಿಗೆ ಹೋಗಿರುವರೆಂಬುದು ಹಾಜರಿ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಈಗ ಅಂತಹ ಚಿತ್ರವಿರುವ ಸಂಜೆ ಬಾಗಿಲನ್ನು ತೆರೆದಿಡುತ್ತೇವೆ. ಜಗಲಿಯ ದೀಪವನ್ನು ಹೊತ್ತಿಸಿ, ಅಲ್ಲಿ ಒಂದು ಬೆಂಚನ್ನು ಹಾಕಿಸುತ್ತೇವೆ. ಎದ್ದು ಹೋದವರನ್ನು ಕಾರಣ ಕೇಳುವುದಿಲ್ಲ. ಕಳೆದ ಸಲ ಅಲ್ಲಿ ಇಬ್ಬರು ಕುಳಿತಿದ್ದರು: ಪ್ರಬಂಧ ಬರೆದ ಆ ಹುಡುಗಿ, ಮತ್ತು ನಮ್ಮ ಅಡಿಗೆಯಮ್ಮ. ಇಬ್ಬರೂ ಮಾತನಾಡದೆ ಮರುದಿನದ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು.